ಅಜ್ಜಿಯಿಂದ ಶುರುವಾಗುವ ಮರ

ಬಹ್ರೇನಿನಲ್ಲಿ ಬೇರೂರಿದ ಕರಾವಳಿಯ ಮನೆಗಳಲ್ಲಿ ಈಗ ಮೂರನೆಯ ತಲೆಮಾರು ಬೆಳೆಯುತ್ತಿದೆ. ಈ ಮಕ್ಕಳಿಗೆ ಊರು ಎಂದರೆ ವರ್ಷಕ್ಕೊಮ್ಮೆಯ ರಜೆ. ತಮ್ಮ ಮೂಲ ಯಾವುದು, ಅಜ್ಜಿಯ ಅಜ್ಜಿ ಯಾರು ಎಂಬ ಕುತೂಹಲ ಅವರಿಗೆ ಹಿಂದಿನವರಿಗಿಂತ ಹೆಚ್ಚು. ಕೈಯಲ್ಲಿ ಫೋನಿದೆ, ಜಾಲತಾಣಗಳಿವೆ, ಹೆಚ್ಚು ಖರ್ಚೂ ಇಲ್ಲ; ಹುಡುಕಿದರೆ ಸಿಗದೇ ಇರುತ್ತದೆಯೇ ಎಂಬುದು ಅವರ ಹುರುಪು. ಮನೆತನದ ಮಾತನ್ನು ಊರವರೆಲ್ಲ ನೋಡುವ ಕಡೆ ಬರೆದಿಡಬೇಕೇ ಎಂಬುದು ಹಿರಿಯರ ಅಳುಕು.

ಮನಾಮಾದ ಗುದೈಬಿಯಾದಲ್ಲಿ ಒಂದು ಶುಕ್ರವಾರ ಸಂಜೆ ಈ ಎರಡೂ ಎದುರಾದವು. ಒಬ್ಬರು 1979ರಲ್ಲಿ ಉಡುಪಿ ಕಡೆಯಿಂದ ಬಂದು, ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ದುಡಿದು, ಈಗ ಮಗನ ಜೊತೆ ಇರುವವರು. ಇನ್ನೊಬ್ಬಳು ಅವರ ತಂಗಿಯ ಮಗಳು. ಇಲ್ಲೇ ಹುಟ್ಟಿ, ಇಲ್ಲೇ ಓದಿ, ಇಲ್ಲೇ ಕೆಲಸಕ್ಕೆ ಸೇರಿದವಳು. ಸೋದರಮಾವ ಮತ್ತು ತಂಗಿಯ ಮಗಳು ಎಂಬ ಈ ನಂಟು ಮಾತಿನುದ್ದಕ್ಕೂ ಮುಖ್ಯವಾಗುತ್ತದೆ. ಯಾಕೆಂದರೆ ಅವರದು ಅಳಿಯಸಂತಾನದ ಕುಟುಂಬ. ಹಳೆಯ ಕಟ್ಟಿನ ಪ್ರಕಾರ ಕುಟುಂಬ ಮುಂದುವರಿಯುವುದು ಮಾವನ ಮಕ್ಕಳಿಂದ ಅಲ್ಲ, ಆ ಹುಡುಗಿಯಿಂದ.

ಹುಡುಗಿ: ಮಾವ, ಅಜ್ಜಿಯ ಅಮ್ಮನ ಹೆಸರು ಎಂತ? ಅಮ್ಮನಿಗೆ ಗೊತ್ತಿಲ್ಲ ಅಂತೆ.

ಮಾವ: ಯಾಕೆ ಈಗ ಅದು? ಊರಲ್ಲಿ ಯಾರಾದರೂ ಪೌತಿ ಖಾತೆ ಮಾಡಿಸ್ತಾರಾ?

ಹುಡುಗಿ: ಖಾತೆಗೆ ಅಲ್ಲ. ಫ್ಯಾಮಿಲಿಸರ್ಚ್ ಅಂತ ಒಂದು ಜಾಲತಾಣ ಉಂಟು, ಅದರಲ್ಲಿ ನಮ್ಮ ವಂಶವೃಕ್ಷ ಬರೀತಿದ್ದೇನೆ. ಬೇರೆ ಕಂಪನಿಗಳು ವರ್ಷಕ್ಕೆ ಇಷ್ಟು ಡಾಲರ್ ಅಂತ ಕೇಳ್ತವೆ. ಇದಕ್ಕೆ ಒಂದು ಫಿಲ್ಸ್ ಕೂಡ ಬೇಡ.

ಮಾವ: ಬಿಟ್ಟಿ ಕೊಡುವವರ ಹತ್ತಿರ ಮೊದಲು ಕೇಳಬೇಕಾದ್ದು, ಯಾಕೆ ಕೊಡ್ತೀರಿ ಅಂತ.

ಹುಡುಗಿ: ಕೇಳಿದ್ದೇನೆ. ಅಮೆರಿಕದ ಯೂಟಾದಲ್ಲಿ ಮಾರ್ಮನ್ ಅಂತ ಕರೆಯುವ ಕ್ರೈಸ್ತ ಸಭೆ ಉಂಟಲ್ಲ, ಅವರದ್ದು. 1894ರಲ್ಲೇ ವಂಶಾವಳಿಗೆ ಅಂತ ಒಂದು ಸಂಘ ಕಟ್ಟಿದ್ರು. ಲೋಕ ಸುತ್ತಿ ಚರ್ಚು, ಕಚೇರಿಗಳ ರಿಜಿಸ್ಟರುಗಳ ಫೋಟೋ ತೆಗೆದ್ರು. 24 ಲಕ್ಷ ಮೈಕ್ರೋಫಿಲಂ ಸುರುಳಿ! ಅಷ್ಟನ್ನೂ ಡಿಜಿಟಲ್ ಮಾಡಿ ಮುಗಿಸಿದ್ದು 2021ರಲ್ಲಿ.

ಮಾವ: ಅದು ಅವರು ಮಾಡಿದ್ದು. ಯಾಕೆ ಮಾಡಿದ್ದು?

ಹುಡುಗಿ: ತೀರಿಹೋದ ಹಿರಿಯರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯಬಹುದು ಅಂತ ಅವರ ನಂಬಿಕೆ. ಅದಕ್ಕೆ ಹಿರಿಯರ ಹೆಸರು ಬೇಕು. ಸದಸ್ಯರು ಸ್ವಂತ ಪೂರ್ವಜರಿಗೆ ಮಾತ್ರ ಮಾಡಬೇಕು ಅಂತ ನಿಯಮವೂ ಉಂಟು.

ಮಾವ: ನಿಯಮ ಇರುವುದು ಯಾರಾದರೂ ಮೀರಿದ್ದಕ್ಕೇ ಇರ್ತದೆ. ನಾವು ಆಟಿ ತಿಂಗಳಲ್ಲಿ ಎಲೆ ಬಡಿಸಿ ಕರೆಯುವ ಹಿರಿಯರು ಅವರು. ಅವರ ಹೆಸರನ್ನು ಎಲ್ಲಿ ಇಡುವುದು ಅಂತ ಮೊದಲು ಯೋಚನೆ ಮಾಡಬೇಕಿತ್ತು.

ಈ ಆಕ್ಷೇಪ ಸಣ್ಣದಲ್ಲ. ಫ್ಯಾಮಿಲಿಸರ್ಚ್‌ನ ಮರ ಇಡೀ ಜಗತ್ತಿಗೆ ಒಂದೇ. ಬದುಕಿರುವವರ ವಿವರ ಬೇರೆಯವರಿಗೆ ಕಾಣುವುದಿಲ್ಲ, ನಿಜ. ಆದರೆ ತೀರಿಕೊಂಡವರ ಪುಟವನ್ನು ಯಾವ ಸದಸ್ಯನಾದರೂ ತಿದ್ದಬಹುದು. ಹುಡುಗಿ ಇದನ್ನು ಮುಚ್ಚಿಡಲಿಲ್ಲ. ಮಾವನೂ ಅಷ್ಟಕ್ಕೇ ಬಾಗಿಲು ಹಾಕಲಿಲ್ಲ.

ಮಾವ: ಸರಿ, ನಮ್ಮವರದ್ದು ಅಲ್ಲಿ ಏನಾದರೂ ಸಿಕ್ಕಿತಾ?

ಹುಡುಗಿ: ಇಲ್ಲ. ಹರಿದ್ವಾರದ ಪಂಡಾಗಳು ಯಾತ್ರಿಕರ ಹೆಸರು, ಊರು, ಅಪ್ಪ ಅಜ್ಜಂದಿರ ಹೆಸರು ಬರೆದಿಡುವ ಉದ್ದದ ಪುಸ್ತಕ ಇರ್ತವಲ್ಲ, ವಹಿ? ಅವನ್ನು 1977ರಿಂದ ಫಿಲಂ ಮಾಡಿದ್ದಾರೆ. ಈಗ ಪುಟಪುಟವೂ ಕಾಣ್ತದೆ. ಆದ್ರೆ ಹೆಚ್ಚಿನದು ಉತ್ತರದವರದ್ದು. ಹೆಸರು ಹಾಕಿ ಹುಡುಕಲಿಕ್ಕೂ ಆಗುವುದಿಲ್ಲ, ಊರು, ಜಾತಿ ಹಿಡಿದು ಪುಟ ತಿರುಗಿಸ್ತಾ ಕೂರಬೇಕು.

ಮಾವ: ನಮ್ಮವರು ಎಷ್ಟು ಮಂದಿ ಹರಿದ್ವಾರಕ್ಕೆ ಹೋಗಿದ್ದಾರೆ! ಅಜ್ಜಿ ಧರ್ಮಸ್ಥಳ ದಾಟಿ ಆಚೆ ಹೋದದ್ದು ನಾನು ನೋಡಿಲ್ಲ.

ಹುಡುಗಿ: ನನ್ನ ಆಫೀಸಿನ ಗೆಳತಿ ಬಾಗಲಕೋಟೆಯವಳು. ಅವಳಿಗೆ ಇಂಟರ್ನೆಟ್ಟೇ ಬೇಡ. ಅವರ ಮನೆಗೆ ಹೆಳವರು ಬರ್ತಾರಂತೆ. ಮೊದಲು ಎತ್ತಿನ ಮೇಲೆ ಕೂತು ಬರ್ತಿದ್ರಂತೆ. ಅಂಗಳಕ್ಕೆ ಬಂದು ಆ ಮನೆತನದ ತಲೆಮಾರು ತಲೆಮಾರು ಹಾಡಿ ಹೇಳ್ತಾರೆ, ಹೊಸದಾಗಿ ಹುಟ್ಟಿದವರ ಹೆಸರು ಪುಸ್ತಕಕ್ಕೆ ಸೇರಿಸ್ತಾರೆ, ಕಾಳುಕಡಿ ತಗೊಂಡು ಹೋಗ್ತಾರೆ.

ಮಾವ: ನೋಡು, ಅದು ಲೆಕ್ಕ! ಬರೆಯುವವನು ಮನೆಗೆ ಬರಬೇಕು, ಎದುರು ಕೂತು ಕೇಳಬೇಕು. ತಪ್ಪಿದ್ರೆ ಅಲ್ಲೇ ಯಾರಾದರೂ ತಿದ್ದುತ್ತಾರೆ.

ಹುಡುಗಿ: ನಮಗೆ ಹೆಳವರಿಲ್ಲ ಮಾವ. ನನಗೆ ಇರುವುದು ನೀವು, ಊರಲ್ಲಿ ದೊಡ್ಡಮ್ಮ. ಅದಕ್ಕೇ ಕೇಳ್ತಿರುವುದು.

ಮಾವ ಹೆಸರು ಹೇಳಿದರು. ಅವಳು ಬರೆದುಕೊಂಡಳು. ಬರೆದ ಕೂಡಲೇ ತೊಡಕು ಶುರುವಾಯಿತು. ಮುತ್ತಜ್ಜಿಯ ಪುಟ ತೆರೆದರೆ ಪರದೆಯ ಮೇಲೆ ಕುಲನಾಮ ಎಂಬ ಒಂದು ಚೌಕ. ಇಂಥ ತಂತ್ರಾಂಶಗಳನ್ನು ಕಟ್ಟಿದವರ ಮನಸ್ಸಿನಲ್ಲಿ ಇದ್ದದ್ದು ಅಪ್ಪನಿಂದ ಮಗನಿಗೆ ಹರಿಯುವ ಹೆಸರು. ಆ ಹೆಸರನ್ನು ಹಿಡಿದೇ ಹಿಂದಕ್ಕೆ ಹೋಗಲು ಅವು ಕಲಿಸುತ್ತವೆ. ತುಳುನಾಡಿನ ಬಂಟ, ಬಿಲ್ಲವ ಮನೆಗಳಲ್ಲಿ ಬಳಿ, ಅಂದರೆ ಗೋತ್ರದಂಥ ಕುಲದ ಗುರುತು, ಬರುವುದು ತಾಯಿಯಿಂದ, ಮದುವೆಗೆ ನೋಡುವುದು ತಾಯಿಯ ಬಳಿ, ನಾಗನಿಗೂ ದೈವಕ್ಕೂ ಸೇರಬೇಕಾದ್ದು ತಾಯಿಯ ಕುಟುಂಬದ ಮನೆಯಲ್ಲಿ. ಅಪ್ಪನ ಹೆಸರು ಹಿಡಿದು ಹೊರಟರೆ ಎರಡೇ ಹೆಜ್ಜೆಗೆ ಬೇರೆಯವರ ಅಂಗಳ.

ಹುಡುಗಿ: ನನ್ನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಇಲ್ಲಿಯ ಗುರುತಿನ ಸಿಪಿಆರ್ ಕಾರ್ಡಿನಲ್ಲೂ ಅದೇ. ಈ ಮರದಲ್ಲಿ ಮಾತ್ರ ಅಮ್ಮ, ಅಜ್ಜಿ, ಮುತ್ತಜ್ಜಿ ಅಂತ ಹೋಗಬೇಕು. ಜಾಲತಾಣ ಪ್ರತಿ ಸಲ ಅಪ್ಪನ ಕಡೆಗೇ ಎಳೀತದೆ.

ಮಾವ: ನನ್ನ ಜೊತೆ ಕೆಲಸ ಮಾಡಿದ ಬಹ್ರೇನಿಯೊಬ್ಬ ತನ್ನ ಹೆಸರು ಹೇಳಿದ್ರೆ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಒಟ್ಟಿಗೇ ಬರ್ತಿದ್ರು. ತಾಯಿ ಬರ್ತಿರಲಿಲ್ಲ. ನಮ್ಮಲ್ಲಿ ಉಲ್ಟಾ. ಕುಟುಂಬ ಅಂದ್ರೆ ಕವರು. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು, ಹಾಗೇ ಕೆಳಗೆ. ಗಂಡುಮಕ್ಕಳು ಅದರಲ್ಲಿ ಹುಟ್ಟುತ್ತಾರೆ, ಸಾಯ್ತಾರೆ, ಅವರ ಮಕ್ಕಳು ಇನ್ನೊಂದು ಕವರಿಗೆ ಹೋಗ್ತಾರೆ. ನನ್ನ ಮಕ್ಕಳು ಅವರಮ್ಮನ ಕುಟುಂಬ.

ಹುಡುಗಿ: ಹಾಗಾದ್ರೆ ಇದನ್ನು ನೀವು ಯಾಕೆ ಬರೆದಿಡಲಿಲ್ಲ?

ಮಾವ: ನಮ್ಮ ವಕೀಲ ಬರೆದಿಟ್ಟಿದ್ದಾನೆ. ದಾವೆಗೆ.

ಇಲ್ಲಿ ಹುಡುಗಿಯ ಮುಖ ಅರಳಿತು. ಅವಳ ಬಳಿ ಇದ್ದ ಅತ್ಯುತ್ತಮ ದಾಖಲೆ ಆ ದಾವೆಯ ತೀರ್ಪೇ ಆಗಿತ್ತು. ಅದು ಯಾವ ವಂಶಾವಳಿ ಜಾಲತಾಣದಿಂದಲೂ ಬಂದದ್ದಲ್ಲ.

ಹುಡುಗಿ: ಆ ದಾವೆ ಹೈಕೋರ್ಟಿಗೆ ಹೋಗಿತ್ತಲ್ಲ? ಇಂಡಿಯನ್ ಕಾನೂನ್ ಅಂತ ಜಾಲತಾಣ ಉಂಟು, 2008ರಿಂದ ಉಂಟು, ಓದಲಿಕ್ಕೆ ದುಡ್ಡಿಲ್ಲ. ಊರಿನ ಹೆಸರು, ಕುಟುಂಬದ ಮನೆಯ ಹೆಸರು ಬೇರೆ ಬೇರೆ ಅಕ್ಷರ ಹಾಕಿ ಹುಡುಕಿದೆ. ತೀರ್ಪು ಸಿಕ್ಕಿತು ಮಾವ! ಮೂಲದ ಅಜ್ಜಿ, ಅವಳ ಮೂರು ಹೆಣ್ಣುಮಕ್ಕಳು, ಯಾರ ಕವರಿನಲ್ಲಿ ಯಾರು ಯಾರು, ಎಲ್ಲ ಉಂಟು.

ಮಾವ: ಎಲ್ಲ ಇರ್ತದೆ. ಪಾಲಿನ ದಾವೆ ಅಂದ್ರೆ ಮೊದಲು ಹಾಕುವುದೇ ವಂಶವೃಕ್ಷ. 1949ರಲ್ಲಿ ಮದ್ರಾಸ್ ಸರಕಾರ ಅಳಿಯಸಂತಾನ ಕಾಯ್ದೆ ತಂದಿತು. ಅದಕ್ಕಿಂತ ಮೊದಲು ಎಲ್ಲರೂ ಒಪ್ಪದೆ ಪಾಲು ಇಲ್ಲ. ಆಮೇಲೆ ಒಂದು ಕವರು ತನ್ನ ಪಾಲು ಕೇಳಬಹುದು ಅಂತ ಆಯ್ತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು ಇನ್ನೂ ಬದಲಾಯ್ತು. ಮನೆ ಮನೆಯವರೂ ಕೋರ್ಟು ಹತ್ತಿದ್ರು.

ಹುಡುಗಿ: ಜಗಳ ಆದದ್ದು ಒಳ್ಳೇದೇ ಆಯ್ತು ಅಂತ ಹೇಳುವ ಹಾಗಾಯ್ತು. ಇಲ್ಲದಿದ್ರೆ ಈ ಹೆಸರು ಒಂದೂ ಉಳೀತಿರಲಿಲ್ಲ.

ಮಾವ: ಓದು ನೋಡುವಾ, ಮೂರನೆಯವಳ ಬಗ್ಗೆ ಎಂತ ಬರೆದಿದ್ದಾರೆ?

ಹುಡುಗಿ: ನಿಸ್ಸಂತತಿ ಕವರು ಅಂತ.

ಮಾವ: ಅದೇ. ಅದೇ ಸುಳ್ಳು.

ಮಾವ ವಿವರಿಸಿದ ಸಂಗತಿ ಕಾನೂನು ಓದಿದವರಿಗೆ ಗೊತ್ತಿರುವಂಥದ್ದು, ವಂಶ ಹುಡುಕುವವರಿಗೆ ಗೊತ್ತಿಲ್ಲದ್ದು. 1949ರ ಕಾಯ್ದೆಯಲ್ಲಿ ಸಂತತಿ ಕವರು ಎನಿಸಿಕೊಳ್ಳಲು ಐವತ್ತು ವರ್ಷ ತುಂಬದ ಒಬ್ಬ ಹೆಣ್ಣಾದರೂ ಆ ಕವರಿನಲ್ಲಿ ಇರಬೇಕು. ಇಲ್ಲದಿದ್ದರೆ ಅದು ನಿಸ್ಸಂತತಿ. ನಾಲ್ಕು ಗಂಡುಮಕ್ಕಳ ತಾಯಿಯಾದರೂ ಐವತ್ತು ದಾಟಿದ್ದರೆ ಕಾಗದದಲ್ಲಿ ಅವಳದು ಸಂತತಿಯಿಲ್ಲದ ಕವರು. ಕುಟುಂಬದಲ್ಲಿ ಬೇರೆ ಸಂತತಿ ಕವರು ಇದ್ದರೆ ನಿಸ್ಸಂತತಿಗೆ ಸಿಗುವ ಪಾಲು ಆಯುಷ್ಯ ಇರುವ ತನಕ ಮಾತ್ರ. ಹೀಗಿರುವಾಗ ಯಾರನ್ನು ಪಟ್ಟಿಗೆ ಸೇರಿಸುವುದು, ಯಾರನ್ನು ಬಿಡುವುದು ಎಂಬುದರ ಹಿಂದೆ ಗದ್ದೆ, ತೋಟದ ಲೆಕ್ಕ ಇದ್ದೇ ಇತ್ತು. ನ್ಯಾಯಾಲಯದ ವಂಶವೃಕ್ಷವನ್ನು ಓದುವಾಗ ಅದನ್ನು ಹಾಕಿದ ಪಕ್ಷ ಯಾವುದು ಎಂದು ಕೇಳದೆ ಓದಬಾರದು.

ಮಾವ: ಮೂರನೆಯವಳಿಗೆ ಒಬ್ಬಳು ಮಗಳಿದ್ದಳು. ಅಪ್ಪ ನಮ್ಮ ಜಾತಿಯವನಲ್ಲ. ಮಗುವಿನ ಜೊತೆ ಮುಂಬಯಿಗೆ ಹೋದಳು. ಇಲ್ಲಿ ಅವಳನ್ನು ಲೆಕ್ಕದಿಂದ ತೆಗೆದ್ರು.

ಹುಡುಗಿ: ಕೋರ್ಟಿನಲ್ಲಿ ಯಾರೂ ಹೇಳಲಿಲ್ಲವಾ?

ಮಾವ: ಹೇಳಬೇಕಾದವರಿಗೆ ಹೇಳಿದ್ರೆ ನಷ್ಟ. ಅದಕ್ಕೇ ನಾನು ಹೇಳುವುದು, ಕಾಗದ ಸಿಕ್ಕಿತು ಅಂತ ಹಾರಾಡಬೇಡ.

ಹುಡುಗಿ: ಕಾಗದ ಸಿಗದಿದ್ರೆ ಈ ಮಾತು ನಿಮ್ಮ ಬಾಯಿಂದ ಬರ್ತಿತ್ತಾ ಮಾವ? ಇಷ್ಟು ವರ್ಷ ಬರಲಿಲ್ಲ.

ಅದಕ್ಕೆ ಮಾವನ ಬಳಿ ಉತ್ತರ ಇರಲಿಲ್ಲ. ನೆನಪು ದಾಖಲೆಯನ್ನು ತಿದ್ದುತ್ತದೆ ಎಂದು ಅವರು ಸಾಧಿಸಿದ್ದರು. ನೆನಪಿಗೆ ಬಾಯಿ ಬರಲು ದಾಖಲೆ ಬೇಕಾಯಿತು ಎಂದು ಅವಳು ಸಾಧಿಸಿದಳು. ಮಾತು ಸ್ವಲ್ಪ ಹೊತ್ತು ತುಳುವಿಗೆ ಹೊರಳಿ, ಕರಕ್ ಚಹಾ ಬಂದ ಮೇಲೆ ಕಂದಾಯ ಇಲಾಖೆಯ ಕಡೆಗೆ ತಿರುಗಿತು.

ಹುಡುಗಿ: ಊರಿನ ಸರ್ವೆ ನಂಬರ್ ಹಾಕಿದ್ರೆ ಭೂಮಿ ಜಾಲತಾಣದಲ್ಲಿ ಆರ್‌ಟಿಸಿ ಕಾಣ್ತದೆ. ನೋಡಲಿಕ್ಕೆ ದುಡ್ಡಿಲ್ಲ. ಮ್ಯುಟೇಷನ್ ನೋಡಿದ್ರೆ ಯಾರು ಸತ್ತ ಮೇಲೆ ಯಾರ ಹೆಸರಿಗೆ ಬಂತು ಅಂತ ಗೊತ್ತಾಗ್ತದೆ. ಕೆಲವು ಸರಕಾರಿ ಜಾಲತಾಣಗಳು ಹೊರದೇಶದಿಂದ ತೆರೆಯುವುದಿಲ್ಲ, ಆಗ ಊರಿನ ತಮ್ಮನಿಗೆ ಹೇಳಿ ಚಿತ್ರ ತರಿಸ್ತೇನೆ. 2002ರ ಮತದಾರರ ಪಟ್ಟಿ ಉಂಟಲ್ಲ, ಅದರಲ್ಲಿ ಮನೆ ನಂಬರ್, ಅಪ್ಪನ ಅಥವಾ ಗಂಡನ ಹೆಸರು, ವಯಸ್ಸು ಎಲ್ಲ ಉಂಟು.

ಮಾವ: ಆರ್‌ಟಿಸಿ ಕಂಪ್ಯೂಟರಿಗೆ ಬಂದದ್ದೇ 2000ದ ಆಸುಪಾಸಿಗೆ. ಅದಕ್ಕಿಂತ ಹಿಂದಿನದಕ್ಕೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಬೇಕು. ಇನ್ನೂ ಹಿಂದೆ ಹೋದ್ರೆ ನಾವು 1956ರ ತನಕ ಮದ್ರಾಸಿನವರು. ಅಜ್ಜಿಯ ಅತ್ತಿಗೆಯ ಮನೆ ಮಂಜೇಶ್ವರ, ಅದು ಕೇರಳಕ್ಕೆ ಹೋಯ್ತು. ಒಂದು ಕುಟುಂಬದ ಕಾಗದ ಮೂರು ರಾಜ್ಯದಲ್ಲಿ.

ಹುಡುಗಿ: ಈಗ ಭೂಸುರಕ್ಷಾ ಅಂತ ರೆಕಾರ್ಡ್ ರೂಮಿನ ಹಳೇ ಕಡತ ಎಲ್ಲ ಸ್ಕ್ಯಾನ್ ಮಾಡ್ತಿದ್ದಾರೆ.

ಮಾವ: ಮಾಡಲಿ. ಅದರಲ್ಲಿ ಒಂದು ಕಡತ ಮಾತ್ರ ಹಾಳಾಗಬಾರದು. ಡಿಕ್ಲರೇಷನ್.

ಡಿಕ್ಲರೇಷನ್ ಎಂದರೆ ಕರಾವಳಿಯವರಿಗೆ ಬೇರೆ ವಿವರಣೆ ಬೇಡ. ದೇವರಾಜ ಅರಸು ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಗೇಣಿ ಮಾಡುತ್ತಿದ್ದವರು ತಾವು ಉಳುವ ಭೂಮಿಗೆ ಭೂನ್ಯಾಯ ಮಂಡಳಿಯ ಮುಂದೆ ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟರು. ಗೇಣಿ ಒಕ್ಕಲು ದಟ್ಟವಾಗಿದ್ದ ದಕ್ಷಿಣ ಕನ್ನಡದಲ್ಲಿ ಆ ಕಡತಗಳ ರಾಶಿ ದೊಡ್ಡದು. ಅರ್ಜಿದಾರ ಯಾರು, ಅವನಿಗಿಂತ ಮೊದಲು ಗೇಣಿ ಮಾಡುತ್ತಿದ್ದವರು ಯಾರು, ಮನೆಯಲ್ಲಿ ಯಾರಿದ್ದಾರೆ ಎಂಬ ಹೇಳಿಕೆಗಳು ಅದರಲ್ಲಿವೆ. ಮೂಲಗೇಣಿ ಪತ್ರ, ಗೇಣಿಚೀಟುಗಳಲ್ಲಿ ಧನಿಯ ಕಾಗದದ ಒಂದು ಸಾಲಾಗಿದ್ದ ಅನೇಕ ಮನೆತನಗಳು ತಮ್ಮ ಮಾತಿನಲ್ಲೇ ತಮ್ಮ ವಂಶ ಹೇಳಿಕೊಂಡ ಮೊದಲ ಸರಕಾರಿ ಕಾಗದ ಅದು. ನಮ್ಮ ಕರಾವಳಿಯ ವಂಶಚರಿತ್ರೆಗೆ ಅದಕ್ಕಿಂತ ದೊಡ್ಡ ನಿಧಿ ಇನ್ನೊಂದಿಲ್ಲ.

ಹುಡುಗಿ: ನಾವು ಧನಿಗಳಾ, ಒಕ್ಕಲುಗಳಾ?

ಮಾವ: ಎರಡೂ. ಮೇಲಿನ ಗದ್ದೆಯನ್ನು ಬೇರೆಯವರಿಂದ ಗೇಣಿಗೆ ಹಿಡಿದಿದ್ವು, ಕೆಳಗಿನದ್ದನ್ನು ಗೇಣಿಗೆ ಕೊಟ್ಟಿದ್ವು. ಒಂದು ಡಿಕ್ಲರೇಷನ್‌ನಲ್ಲಿ ಗೆದ್ದೆವು, ಇನ್ನೊಂದರಲ್ಲಿ ಕಳಕೊಂಡೆವು.

ಹುಡುಗಿ: ಗೇಣಿಯೂ ಇಲ್ಲದವರು? ನಮ್ಮ ಗದ್ದೆಯಲ್ಲಿ ನೇಜಿ ನೆಟ್ಟವರು?

ಮಾವ: ಅವರ ಹೆಸರು ಎಲ್ಲಿಯೂ ಇಲ್ಲ. ಮೂಲದ ಆಳು ಅಂತ ಭೂಮಿಯ ಜೊತೆಗೆ ಜನರನ್ನೂ ಕೊಡುವ ಪದ್ಧತಿ ಇತ್ತು ನಮ್ಮ ಜಿಲ್ಲೆಯಲ್ಲಿ. 1843ರಲ್ಲಿ ಕಾನೂನು ಅದಕ್ಕೆ ಮಾನ್ಯತೆ ತೆಗೆಯಿತು, ಆದ್ರೂ ಎಷ್ಟೋ ಕಾಲ ನಡೀತು. ಮರ ಬರೀತೇನೆ ಅಂತ ಹೊರಟವರು ಇದನ್ನೂ ನೆನಪಿಡಬೇಕು. ಕೆಲವರ ಮರ ಆನ್‌ಲೈನಿನಲ್ಲಿ ಸಿಗುವುದಿಲ್ಲ ಅಂದ್ರೆ ಅವರು ಹುಡುಕಲಿಲ್ಲ ಅಂತ ಅಲ್ಲ.

ಹುಡುಗಿ: ಕ್ರಿಶ್ಚಿಯನ್ನರದ್ದು ಒಂದಿಷ್ಟು ಉಳಿದಿದೆ ನೋಡಿ. ಚರ್ಚಿನಲ್ಲಿ ದೀಕ್ಷಾಸ್ನಾನದ ಪುಸ್ತಕ ಉಂಟು. ಮಂಗಳೂರಿನ ಮೈಕಲ್ ಲೋಬೊ ಕ್ಯಾಥೊಲಿಕ್ ಕುಟುಂಬಗಳ ವಂಶಾವಳಿಯನ್ನೇ ಜೀವಮಾನದ ಕೆಲಸ ಮಾಡಿಕೊಂಡಿದ್ದಾರೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತಲ್ಲ, ಅವರ ಹಳೇ ಫೋಟೋಗಳು ಸ್ವಿಟ್ಜರ್ಲೆಂಡಿನ ಪತ್ರಾಗಾರದ ಜಾಲತಾಣದಲ್ಲಿ ಉಚಿತವಾಗಿ ಕಾಣ್ತವೆ.

ಮಾವ: ಈ ಬಹ್ರೇನಿನದ್ದು? ನನ್ನ ದೊಡ್ಡ ಮಾವ ಇಲ್ಲಿಯ ಎಣ್ಣೆ ಕಂಪನಿ ಬಾಪ್ಕೋದಲ್ಲಿ ಗುಮಾಸ್ತ ಆಗಿದ್ರು. ಬೊಂಬಾಯಿಯಿಂದ ದ್ವಾರಕಾ ಹಡಗಿನಲ್ಲಿ ಬಂದವರು. ಆಗ ಇಲ್ಲಿ ನಡೀತಿದ್ದದ್ದು ನಮ್ಮದೇ ರೂಪಾಯಿ. ಸಂಬಳದ ಮನಿಆರ್ಡರ್ ಬಂದ ದಿನ ಅಜ್ಜಿ ಮನೆಯಲ್ಲಿ ಪಾಯಸ.

ಹುಡುಗಿ: ಅದನ್ನೂ ಹುಡುಕಿದೆ. ಕತಾರ್ ಡಿಜಿಟಲ್ ಲೈಬ್ರರಿ ಅಂತ 2014ರಲ್ಲಿ ಶುರುವಾದದ್ದು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಬಹ್ರೇನ್ ಪೊಲಿಟಿಕಲ್ ಏಜೆನ್ಸಿಯ ಕಡತಗಳನ್ನು ಪುಟಪುಟವಾಗಿ ಹಾಕಿದ್ದಾರೆ. 1919ರಿಂದ ಇಲ್ಲಿ ಬ್ರಿಟಿಷ್ ಪ್ರಜೆಗಳ ಮೇಲೆ ಬ್ರಿಟಿಷರದ್ದೇ ಅಧಿಕಾರ ಇತ್ತು. ಆಗ ಭಾರತೀಯರು ಅಂದ್ರೆ ಬ್ರಿಟಿಷ್ ಪ್ರಜೆಗಳೇ. ಹಾಗಾಗಿ ನಮ್ಮವರ ವಿಚಾರ ಎಲ್ಲ ಏಜೆನ್ಸಿಗೇ ಹೋಗ್ತಿತ್ತು. 1932ರಲ್ಲಿ ಎಣ್ಣೆ ಸಿಕ್ಕಿದ ಮೇಲಿನ ಕಂಪನಿ ಪತ್ರಗಳೂ ಉಂಟು.

ಮಾವ: ದೊಡ್ಡ ಮಾವನ ಹೆಸರು?

ಹುಡುಗಿ: ಸಿಗಲಿಲ್ಲ. ಹೆಚ್ಚಿನ ಕಡತ 1950ರ ಆಸುಪಾಸಿಗೆ ನಿಲ್ತವೆ. ಅವರು ಬಂದದ್ದು ಆಮೇಲೆ.

ಮಾವ: ಹೆಸರು ಬೇಕಾದ್ರೆ ನನ್ನ ಪೆಟ್ಟಿಗೆಯಲ್ಲಿ ಅವರ ಹಳೇ ಪಾಸ್‌ಪೋರ್ಟ್ ಉಂಟು. ಹಡಗು ಇಳಿದ ದಿನದ ಮೊಹರು ಸಮೇತ. ಇಲ್ಲಿಯ ಕನ್ನಡದವರ ಯಕ್ಷಗಾನ, ವಾರ್ಷಿಕೋತ್ಸವದ ಹಳೇ ಸಂಚಿಕೆಗಳೂ ಉಂಟು, ಯಾರು ಯಾರ ತಮ್ಮ ಅಂತ ಹಿಂದೆ ಬರೆದಿಟ್ಟಿದ್ದೇನೆ. ಅದಕ್ಕೆ ಯಾವ ಲೈಬ್ರರಿಯೂ ಬೇಡ.

ಹುಡುಗಿ: ಫೋನಿನಲ್ಲೇ ಸ್ಕ್ಯಾನ್ ಮಾಡ್ತೇನೆ, ಇವತ್ತೇ ಕೊಡಿ. ಇನ್ನೊಂದು ವಿಷಯ, ನಗಬೇಡಿ. ಎಂಜಲು ಕಳಿಸಿದ್ರೆ ಡಿಎನ್‌ಎ ನೋಡಿ ಹೇಳ್ತಾರೆ. ಅದರಲ್ಲಿ ತಾಯಿಯಿಂದ ಮಾತ್ರ ಬರುವ ಒಂದು ಭಾಗ ಉಂಟು, ಮೈಟೋಕಾಂಡ್ರಿಯಾದ್ದು. ನಮ್ಮ ಕವರು ಹೋಗುವ ದಾರಿಯೇ ಅದು!

ಮಾವ: ಅದು ಅಜ್ಜಿಯ ಅಜ್ಜಿಯ ಹೆಸರು ಹೇಳ್ತದಾ?

ಹುಡುಗಿ: ಇಲ್ಲ. ಸಾವಿರಾರು ವರ್ಷದ ಹಿಂದಿನ ಒಂದು ದೊಡ್ಡ ಗುಂಪು ಹೇಳ್ತದೆ.

ಮಾವ: ಅಷ್ಟಕ್ಕೆ ಅಷ್ಟು ದಿನಾರ್?

ಹುಡುಗಿ: ದುಡ್ಡಿಗಿಂತ ಬೇರೆ ಹೆದರಿಕೆ ಉಂಟು. ಅಮೆರಿಕದ 23ಅಂಡ್‌ಮೀ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳುವಾಯ್ತು. 2025ರ ಮಾರ್ಚಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ನಾನು ಎಂಜಲು ಕೊಟ್ರೆ ನಿಮ್ಮದೂ ಕಾಲು ಭಾಗ ಕೊಟ್ಟ ಹಾಗೆ. ಅದಕ್ಕೇ ಬಿಟ್ಟೆ.

ಮಾವ: ಅದನ್ನು ಬಿಟ್ಟೆಯಲ್ಲ, ಹಾಗೇ ಆ ಮೂರನೇ ಅಜ್ಜಿಯ ವಿಷಯವೂ ಬಿಡು.

ಹುಡುಗಿ: ಅದು ಬೇರೆ. ಎಲ್ಲರೂ ನೋಡುವ ಮರದಲ್ಲಿ ಹಾಕುವುದಿಲ್ಲ, ಮಾತು ಕೊಡ್ತೇನೆ. ಗ್ರ್ಯಾಂಪ್ಸ್ ಅಂತ ಒಂದು ತಂತ್ರಾಂಶ ಉಂಟು, 2001ರಿಂದ ಉಂಟು, ದುಡ್ಡು ಬೇಡ, ನಮ್ಮ ಕಂಪ್ಯೂಟರಿನಲ್ಲೇ ಇರ್ತದೆ, ಕನ್ನಡದಲ್ಲೇ ಬರೀಬಹುದು. ಮೇಲೆ ಮೂಲದ ಅಜ್ಜಿಯನ್ನು ಇಟ್ಟು ಹೆಣ್ಣುಮಕ್ಕಳ ದಾರಿಯಲ್ಲಿ ಕೆಳಗೆ ಬರ್ತೇನೆ. ಅದರಲ್ಲಿ ಅವಳ ಮಗಳನ್ನು ಬರೀಬೇಕು.

ಮಾವ: ಬರೆದು ಯಾರಿಗೆ ತೋರಿಸ್ತಿ? ಕುಟುಂಬದ ಮನೆಗೆ ಮುಂದಿನ ತಂಬಿಲದ ಪೂಜೆಗೆ ಹೋದಾಗ ಎಲ್ಲರಿಗೂ ತೋರಿಸ್ತಿ. ಅಲ್ಲಿ ನೂರು ಜನ. ಆ ಹೆಂಗಸಿನ ಮೊಮ್ಮಕ್ಕಳು ಮುಂಬಯಿಯಲ್ಲಿ ಮರ್ಯಾದೆಯಿಂದ ಇದ್ದಾರೆ. ಅವರಿಗೆ ಈ ಕಥೆ ಗೊತ್ತಿದೆಯೋ ಇಲ್ಲವೋ.

ಹುಡುಗಿ: ಖಾಲಿ ಬಿಟ್ರೆ ಕೋರ್ಟಿನಲ್ಲಿ ಹೇಳಿದ ಸುಳ್ಳನ್ನು ನಾನೂ ಹೇಳಿದ ಹಾಗಾಯ್ತಲ್ಲ ಮಾವ. ಅವರೂ ಹೆಣ್ಣಿನ ದಾರಿಯಲ್ಲೇ ಬಂದವರು. ಕಟ್ಟಿನ ಪ್ರಕಾರ ನಿಮ್ಮ ಮಕ್ಕಳಿಗಿಂತ ಅವರು ನಮ್ಮ ಕುಟುಂಬಕ್ಕೆ ಹತ್ತಿರ.

ಮಾವ: ಕಟ್ಟು ನನಗೆ ಕಲಿಸ್ತಿಯಾ? ಹತ್ತಿರ ಅಂತ ಹೇಳಲಿಕ್ಕೆ ಮೊದಲು ಅವರು ಒಪ್ಪಬೇಕು. ಬಂದು ಸೇರ್ತಾರೋ, ಸೇರುವ ಮನಸ್ಸೇ ಇಲ್ಲವೋ. ಕೇಳದೆ ಬರೆದ್ರೆ, ಅವತ್ತು ಕೇಳದೆ ಅಳಿಸಿದವರಿಗೂ ನಿನಗೂ ಎಂತ ವ್ಯತ್ಯಾಸ?

ಹುಡುಗಿ: ಕೇಳ್ತೇನೆ. ನಂಬರ್ ಕೊಡಿ.

ಮಾವ: ನಂಬರ್ ದೊಡ್ಡಮ್ಮನ ಹತ್ತಿರ ಉಂಟು. ಆದ್ರೆ ಮೊದಲು ಫೋನ್ ಮಾಡುವುದು ನಾನು.

ಹುಡುಗಿ: ನೀವು ಮಾಡಿದ್ರೆ ಆರೋಗ್ಯ, ಮಳೆ, ಮಕ್ಕಳ ಮದುವೆ ಅಂತ ಮಾತಾಡಿ ಇಟ್ಟುಬಿಡ್ತೀರಿ. ಆ ಮಾತು ಎತ್ತುವುದೇ ಇಲ್ಲ.

ಮಾವ: ಎತ್ತುವುದು ಹೇಗೆ ಅಂತ ನೀನೇ ಹೇಳು ಹಾಗಾದ್ರೆ.